ಒಡ್ಡಿನ ಮೇಲೆ ನಡೆಯೋಕೆ ದಾರಿ ಕೊಡಿ: ಅಘನಾಶಿನಿ ಅಳಿವೆ ದಂಡೆಯಿಂದ ಒಂದು ಬಹಿರಂಗ ಪತ್ರ

ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆ ಸುತ್ತಮುತ್ತಲ ಒಡ್ಡು, ರಸ್ತೆ, ಕಡಲತೀರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡ್ಕೊಳ್ಳೋ ಎಲ್ಲ ಅಧಿಕಾರಿಗಳಿಗೆ, ಪಂಚಾಯ್ತಿ ಸದಸ್ಯರಿಗೆ, ನಾವು ಓಟು ಹಾಕಿ ಕಳಿಸಿದ ಪ್ರತಿನಿಧಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಕುಮಟಾ ತಾಲೂಕಿನ ಹೊಳೆದಂಡೆ ಊರಿನವನು. ಹಳ್ಳಿ ಪೋಸ್ಟಾಫೀಸಲ್ಲಿ ಟಪಾಲು ಹಂಚೋ ಕೆಲಸ ಮಾಡ್ತಿದ್ದೆ, 65 ತುಂಬಿದ ಮೇಲೆ ಚೀಲ ಒಪ್ಪಿಸಿ ಮನೆಗೆ ಬಂದೆ, ಈಗ ಮೂರು ವರ್ಷ ಆಯ್ತು. ನನ್ನ ಬೀಟಲ್ಲಿ ರಸ್ತೆ ಮುಟ್ಟದ ಮನೆಗಳೇ ಜಾಸ್ತಿ, ಹಾಗಾಗಿ ಸೈಕಲ್ಲು ಅರ್ಧ ದಾರಿಗೆ ಮಾತ್ರ, ಅದನ್ನ ಯಾರದ್ದೋ ಅಂಗಳದಲ್ಲಿ ನಿಲ್ಲಿಸಿ ಮುಂದಿನದ್ದೆಲ್ಲ ಹೊಳೆ ಬದಿಯ ಗಜನಿ ಗದ್ದೆ ಒಡ್ಡಿನ ಮೇಲೆ ಕಾಲ್ನಡಿಗೆ. ಮನಿಯಾರ್ಡರು, ವಿಧವಾ ವೇತನ, ಮುಂಬೈಯಿಂದ ಮಗ ಬರೆದ ಕಾಗದ, ಕೋರ್ಟ್ ನೋಟೀಸು, ಎಲ್ಲಾ ಆ ಒಡ್ಡಿನ ಮೇಲೇ ಹೋಗಿದ್ದು. ಈ ಪತ್ರ ಆ ಒಡ್ಡಿನ ಬಗ್ಗೆನೇ. ಊರಿನ ಹೆಸರು, ಇಲಾಖೆ ಹೆಸರು, ಕಂತ್ರಾಟುದಾರರ ಹೆಸರು ಯಾವ್ದೂ ಬರೆಯಲ್ಲ, ಯಾಕಂದ್ರೆ ಯಾರನ್ನೋ ಸಿಕ್ಕಿಸಿ ಹಾಕೋದು ನನ್ನ ಉದ್ದೇಶ ಅಲ್ಲ, ಕೆಲಸ ಆಗ್ಬೇಕು ಅಷ್ಟೇ, ಮತ್ತೆ ಇದೇ ಪರಿಸ್ಥಿತಿ ಹೊಳೆಯ ಎರಡೂ ದಂಡೆಯ ಬೇರೆ ಊರಲ್ಲೂ ಇದೆ ಅಂತ ನೆಂಟರ ಮನೆಗೆ ಹೋದಾಗೆಲ್ಲ ನೋಡ್ತಾ ಇದೀನಿ.

ನಮ್ಮನೆಯವಳಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯ್ತು. ಎಡಗಾಲು ಎಡಗೈ ಎರಡೂ ಹೋಗಿತ್ತು. ದೇವರ ದಯೆ, ಡಾಕ್ಟರ ಕೈಗುಣ, ನಾಕು ತಿಂಗಳಲ್ಲಿ ಕೋಲು ಹಿಡಿದು ಎದ್ದು ನಿಂತ್ಲು. ಫಿಸಿಯೋ ಮಾಡೋ ಹುಡುಗಿ ಹೇಳಿದ್ದು ಒಂದೇ ಮಾತು, ಆಂಟಿನ ದಿನಾ ಅರ್ಧ ಗಂಟೆ ನಡೆಸಿ, ಏರು ಇಳುಕಲು ಬೇಡ, ಮೆಟ್ಲು ಬೇಡ, ಸಪಾಟಾದ ಜಾಗದಲ್ಲಿ ನಡೆಸಿ ಅಂತ. ಈಗ ನೀವೇ ಹೇಳಿ, ನಮ್ಮಂಥ ಊರಲ್ಲಿ ಸಪಾಟಾದ ಜಾಗ ಎಲ್ಲಿದೆ. ಮನೆ ಹಿಂದೆ ಹೋದ್ರೆ ಗುಡ್ಡ, ಚಿರೇಕಲ್ಲು (ಕೆಂಪು ಮುರಕಲ್ಲು) ಕಣಿ. ಮನೆ ಮುಂದೆ ಹೋದ್ರೆ ಸ್ವಲ್ಪ ದೂರದಲ್ಲಿ 66ನೇ ನಂಬರ್ ಹೈವೇ, ಅಲ್ಲಿ ಲಾರಿ ಹೋಗೋ ಗಾಳಿಗೇ ಗಟ್ಟಿ ಆಳು ವಾಲ್ತಾನೆ, ಕೋಲು ಹಿಡಿದವಳನ್ನ ಹೇಗೆ ಕರ್ಕೊಂಡು ಹೋಗೋದು. ಉಳಿದಿದ್ದು ಒಂದೇ, ಹೊಳೆ ಬದಿ ಒಡ್ಡು.

ಆಮೇಲೆ ಗೊತ್ತಾಯ್ತು, ಇದಕ್ಕಿಂತ ಒಳ್ಳೆ ಜಾಗ ದುಡ್ಡು ಕೊಟ್ರೂ ಸಿಗಲ್ಲ ಅಂತ. ಮೂವತ್ತು ವರ್ಷ ಅದರ ಮೇಲೆ ಓಡಾಡಿದ್ರೂ ನನಗೆ ಅದು ಕೆಲಸದ ದಾರಿ ಆಗಿತ್ತೇ ಹೊರತು ನೋಡೋ ಜಾಗ ಆಗಿರ್ಲಿಲ್ಲ, ಅವಳ ಜೊತೆ ನಿಧಾನಕ್ಕೆ ಒಂದೊಂದೇ ಹೆಜ್ಜೆ ಹಾಕೋವಾಗ ಕಣ್ಣು ಬಿಡ್ತು.

ಗಜನಿ ಅಂದ್ರೆ ಏನು ಅಂತ ಬೇರೆ ಕಡೆಯಿಂದ ವರ್ಗ ಆಗಿ ಬಂದ ಅಧಿಕಾರಿಗಳಿಗೆ ಗೊತ್ತಿರ್ಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಹೇಳ್ತೀನಿ. ಹೊಳೆ ಸಮುದ್ರ ಸೇರೋ ಕಡೆ ಭರತ ಬಂದಾಗ, ಅಂದ್ರೆ ಸಮುದ್ರದ ನೀರು ಏರಿದಾಗ, ಉಪ್ಪುನೀರು ಒಳಗೆ ನುಗ್ಗತ್ತೆ, ಆ ನೀರು ಗದ್ದೆಗೆ ಬರಬಾರ್ದು ಅಂತ ಹೊಳೆ ಉದ್ದಕ್ಕೂ ಒಡ್ಡು ಹಾಕಿ, ಅಲ್ಲಲ್ಲಿ ಬಾಗಿಲು ಇಟ್ಟು, ಒಳಗಿನ ನೀರು ಹೊರಗೆ ಬಿಡೋ ವ್ಯವಸ್ಥೆ ಮಾಡಿದ ಗದ್ದೆಗೆ ಗಜನಿ ಅಂತಾರೆ. ಮಳೆಗಾಲದ ಸಿಹಿನೀರು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತೋದು. ಕಗ್ಗಕ್ಕೆ ಉಪ್ಪು ತಡೆಯೋ ಶಕ್ತಿ ಇದೆ, ನೆರೆ ನೀರಲ್ಲಿ ಕೆಲವು ದಿನ ಮುಳುಗಿದ್ರೂ ಕೊಳೆಯಲ್ಲ, ಆಳೆತ್ತರ ಬೆಳೆಯತ್ತೆ, ಗೊಬ್ಬರ ಔಷಧಿ ಕೇಳಲ್ಲ. ಕೊಯ್ಲು ಆದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಟ್ರೆ ಅದೇ ಗದ್ದೇಲಿ ಸಿಗಡಿ, ಮೀನು. ಮಾಣಿಕಟ್ಟಾದ ರೈತರು ಒಟ್ಟಾಗಿ ಇವತ್ತಿಗೂ ಕಗ್ಗ ಉಳಿಸ್ಕೊಂಡು ಬಂದಿದಾರೆ, ಅವರಿಗೆ ಕೈ ಮುಗೀಬೇಕು. ನಾನು ಸಣ್ಣವನಿದ್ದಾಗ ನಮ್ಮಲ್ಲಿದ್ದಿದ್ದು ಮಣ್ಣಿನ ಒಡ್ಡು, ಪ್ರತಿ ವರ್ಷ ಊರವರೇ ಸೇರಿ ಜೇಡಿ ಮಣ್ಣು ಹೊತ್ತು ಹಾಕೋರು, ನಮ್ಮಪ್ಪನ ಜೊತೆ ನಾನೂ ಬುಟ್ಟಿ ಹೊತ್ತಿದೀನಿ. 70ರ ದಶಕದಲ್ಲಿ ಸರ್ಕಾರದವರು ಕಲ್ಲು ಕಟ್ಟಿ ಗಟ್ಟಿ ಮಾಡಿದ್ರು.

ಆ ಒಡ್ಡಿನ ತಲೆ ನಾಕೈದು ಅಡಿ ಅಗಲ, ಹಾಸಿದ ಹಾಗೆ ಸಪಾಟು, ಮೇಲೆ ಹುಲ್ಲು, ಕಾಲಿಗೆ ಮೆತ್ತಗೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಗದ್ದೆ. ಇಳಿತದ ಹೊತ್ತಿಗೆ ಹೋದ್ರೆ ಹೊಳೆ ಮಧ್ಯ ಮರಳು ದಿಬ್ಬ ಎದ್ದಿರುತ್ತೆ, ಹೆಂಗಸ್ರು ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ತಿರ್ತಾರೆ, ದೋಣಿ ಕೆಸರಲ್ಲಿ ಮಲಗಿರುತ್ತೆ, ಕೆಸರಿನ ಮೇಲೆ ಒಂದು ಕೈ ದೊಡ್ಡದಿರೋ ಸಣ್ಣ ಏಡಿಗಳು ಸಾವಿರಗಟ್ಲೆ, ನಾವು ಹತ್ರ ಹೋದ ಕೂಡ್ಲೇ ಎಲ್ಲಾ ಒಟ್ಟಿಗೆ ಬಿಲ ಸೇರ್ತಾವೆ, ಸುಮ್ನೆ ನಿಂತ್ರೆ ಒಂದೊಂದೇ ಹೊರಗೆ. ಭರತದ ಹೊತ್ತಿಗೆ ಹೋದ್ರೆ ಅದೇ ಜಾಗ ಬೇರೆ ಊರಿನ ಥರ, ಕಾಂಡ್ಲಾ ಗಿಡಗಳು ಕುತ್ತಿಗೆವರೆಗೆ ನೀರಲ್ಲಿ ನಿಂತಿರ್ತಾವೆ, ಗರುಡ ಮೇಲೆ ಸುತ್ತತಿರುತ್ತೆ, ನೀರು ಒಡ್ಡಿಗೆ ಬಡಿಯೋ ಸಣ್ಣ ಸದ್ದು ಬಿಟ್ರೆ ಬೇರೇನೂ ಕೇಳಲ್ಲ, ದೂರದಲ್ಲಿ ಕೊಂಕಣ ರೈಲು ಹೋದ್ರೆ ಅದೊಂದು ಸದ್ದು. ಒಂದಿನ ಬೆಳಿಗ್ಗೆ ನೀರುನಾಯಿ ಕುಟುಂಬನೇ ನೋಡಿದ್ವಿ, ನಾಕು ಇದ್ವು. ನಮ್ಮನೆಯವಳು ಅಷ್ಟು ಜೋರಾಗಿ ನಕ್ಕಿದ್ದು ಸ್ಟ್ರೋಕ್ ಆದ ಮೇಲೆ ಅದೇ ಮೊದಲು, ಎಡಗಡೆ ತುಟಿ ಇನ್ನೂ ಪೂರ್ತಿ ಎತ್ತೋಕೆ ಬರ್ತಿರ್ಲಿಲ್ಲ, ಆದ್ರೂ ನಕ್ಳು.

ಮೊದಲು ಐವತ್ತು ಹೆಜ್ಜೆ, ಆಮೇಲೆ ಬಾಗಿಲ ತನಕ, ಆಮೇಲೆ ಬಾಗಿಲು ದಾಟಿ, ದೋಣಿ ಹತ್ತಿ ಹೊಳೆ ದಾಟೋ ತಾರಿ ಜಾಗದ ತನಕ. ಹೋಗಿ ಬರೋಕೆ ನಲವತ್ತು ನಿಮಿಷ ಹಿಡಿಯೋದು. ಏಳೆಂಟು ತಿಂಗಳು ಹೀಗೆ ನಡೆದ್ವಿ. ನಮ್ಮನ್ನ ನೋಡಿ ಪಕ್ಕದ ಕೇರಿಯ ಸಕ್ಕರೆ ಕಾಯಿಲೆ ಇರೋ ಇಬ್ರು ಬರೋಕೆ ಶುರು ಮಾಡಿದ್ರು, ಮಂಡಿ ನೋವಿನ ಅಕ್ಕ ಒಬ್ರು ಬಂದ್ರು, ಬಾಣಂತನಕ್ಕೆ ತೌರಿಗೆ ಬಂದ ಹುಡುಗಿ ಮಗು ಎತ್ಕೊಂಡು ಬರ್ತಿದ್ಲು. ಯಾರೂ ಕರೆದಿದ್ದಲ್ಲ, ದಾರಿ ಇತ್ತು, ಬಂದ್ರು.

ಈಗ ಏನಾಗಿದೆ ಅಂತ ನಾನು ಕಣ್ಣಾರೆ ಕಂಡಿದ್ದನ್ನ ಹೇಳ್ತೀನಿ.

ಹೋದ ಮಳೆಗಾಲದಲ್ಲಿ ಮೇಲಿಂದ ನೆರೆ ಮತ್ತೆ ಕೆಳಗಿಂದ ಹುಣ್ಣಿಮೆ ಭರತ ಎರಡೂ ಒಟ್ಟಿಗೆ ಬಂದು ಒಡ್ಡು ಒಂದು ಕಡೆ ಒಡೀತು. ಇದು ಯಾರ ತಪ್ಪೂ ಅಲ್ಲ, ಅಘನಾಶಿನಿಗೆ ಮೇಲೆಲ್ಲೂ ದೊಡ್ಡ ಡ್ಯಾಮ್ ಇಲ್ಲ, ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರೋ ನೀರು ನೇರ ನಮ್ಮ ಹತ್ರನೇ ಬರೋದು, ಅದು ಈ ಹೊಳೆಯ ಭಾಗ್ಯ ಕೂಡ. ಒಡೆದ ಜಾಗ ಮುಚ್ಚೋಕೆ ಟಿಪ್ಪರಲ್ಲಿ ಕರಿಕಲ್ಲು ತಂದು ಸುರಿದ್ರು. ಒಂದೊಂದು ಕಲ್ಲು ಇಬ್ರು ಎತ್ತೋಕಾಗದಷ್ಟು ದೊಡ್ಡದು. ನೀರು ನಿಂತಿತು, ರೈತರ ಗದ್ದೆ ಉಳೀತು, ಅದಕ್ಕೆ ಇಲಾಖೆಯವರಿಗೆ ಧನ್ಯವಾದ ಹೇಳ್ಲೇಬೇಕು. ಆದ್ರೆ ಕೆಲಸ ಅಲ್ಲಿಗೇ ನಿಂತೋಯ್ತು. ಕಲ್ಲಿನ ಮೇಲೆ ಮಣ್ಣು ಹಾಕಿಲ್ಲ, ಸಣ್ಣ ಕಲ್ಲು ತುಂಬಿಸಿಲ್ಲ, ಮಟ್ಟ ಮಾಡಿಲ್ಲ. ಇಪ್ಪತ್ತೈದು ಮೂವತ್ತು ಹೆಜ್ಜೆ ಉದ್ದ ಅಷ್ಟೇ ಆ ಜಾಗ, ಆದ್ರೆ ಕಲ್ಲಿಂದ ಕಲ್ಲಿಗೆ ಹಾರಬೇಕು, ಸಂದಿಯಲ್ಲಿ ಕಾಲು ಹೋದ್ರೆ ಮೂಳೆ ಹೋಯ್ತು. ಹುಡುಗರು ಹಾರ್ತಾರೆ. ಕೋಲು ಹಿಡಿದವಳು ಏನು ಮಾಡ್ಬೇಕು. ಒಂದಿನ ನಾನು ಮೊದಲು ದಾಟಿ ತೋರಿಸ್ತೀನಿ ಅಂತ ಹೋಗಿ ಬಿದ್ದೆ, ಮೊಣಕಾಲು ಒಡೆದು ಆರು ಹೊಲಿಗೆ ಹಾಕ್ಬೇಕಾಯ್ತು. ಅವತ್ತಿಂದ ಅವಳು ಒಡ್ಡಿನ ಕಡೆ ಬರಲ್ಲ ಅಂತ ಹಟ ಹಿಡಿದಿದಾಳೆ, ನಿಮಗೇನಾದ್ರೂ ಆದ್ರೆ ನನ್ನ ಯಾರು ನೋಡ್ತಾರೆ ಅಂತಾಳೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ನಾವಾದ್ರೂ ಆರೋಗ್ಯಕ್ಕೆ ನಡೆಯೋರು. ಬಳಚು ಹೆಕ್ಕೋ ಹೆಂಗಸ್ರು ಇದೇ ಕಲ್ಲಿನ ಮೇಲೆ ತಲೆ ಮೇಲೆ ಭಾರದ ಬುಟ್ಟಿ ಇಟ್ಕೊಂಡು ದಾಟ್ತಾರೆ, ಬುಟ್ಟಿಯಿಂದ ನೀರು ಸೋರಿ ಕಲ್ಲೆಲ್ಲ ಜಾರ್ತಿರುತ್ತೆ. ಅವರಿಗೆ ದಾರಿ ಅಂದ್ರೆ ಹೊಟ್ಟೆಪಾಡು. ಅವರು ಯಾವ ಆಫೀಸಿಗೂ ಅರ್ಜಿ ಕೊಡೋಕೆ ಹೋಗಲ್ಲ, ಇಳಿತ ಇರೋದೇ ಕೆಲವು ಗಂಟೆ, ಆ ಹೊತ್ತು ಬಿಟ್ರೆ ಅವತ್ತಿನ ದುಡಿಮೆ ಹೋಯ್ತು, ಅದಕ್ಕೇ ನಾನು ಬರೀತಿರೋದು.

ಎರಡನೇದು. ಅದೇ ಒಡ್ಡಿನ ಇನ್ನೊಂದು ತುದಿಯಲ್ಲಿ, ಅಂದ್ರೆ ರಸ್ತೆ ಹತ್ರ, ವಾಕಿಂಗ್ ಪಾಥ್ ಅಂತ ಒಂದು ಕೆಲಸ ಆಗಿದೆ. ಇಂಟರ್‌ಲಾಕ್ ಇಟ್ಟಿಗೆ ಹಾಕಿದಾರೆ, ಬಣ್ಣ ಬಣ್ಣದ್ದು, ಸ್ಟೀಲ್ ರೇಲಿಂಗ್ ಹಾಕಿದಾರೆ, ಎತ್ತರದ ಲೈಟು ಹಾಕಿದಾರೆ. ನೋಡೋಕೆ ಚೆನ್ನಾಗಿದೆ ಅಂತ ಅನ್ಸುತ್ತೆ. ಆದ್ರೆ ಅದಕ್ಕೆ ಹತ್ತೋಕೆ ಎಂಟು ಮೆಟ್ಲು, ಇಳಿಯೋಕೆ ಆರು ಮೆಟ್ಲು, ಮೆಟ್ಲಿಗೆ ಹಿಡ್ಕೊಳ್ಳೋಕೆ ಏನೂ ಇಲ್ಲ, ರೇಲಿಂಗ್ ಇರೋದು ಮೇಲೆ ಸಪಾಟಾದ ಕಡೆ ಮಾತ್ರ. ಪಕ್ಕದಲ್ಲಿ ಇಳಿಜಾರು ಮಾಡೋಕೆ ಬೇಕಾದಷ್ಟು ಜಾಗ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗಗಳು ಎಲ್ಲರೂ ಬಳಸೋ ಹಾಗಿರಬೇಕು, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೆಲಸ ಶುರು ಆಗೋ ಮುಂಚೆ ಒಂದು ಸಲ ಆ ಜಾಗಕ್ಕೆ ಬಂದು ಇಲ್ಲಿ ಯಾರು ಓಡಾಡ್ತೀರಿ ಅಂತ ಕೇಳಿದ್ರೆ ಸಾಕಿತ್ತು, ಇದೇ ಖರ್ಚಲ್ಲಿ ಇದಕ್ಕಿಂತ ನಾಕು ಪಟ್ಟು ಉದ್ದದ ದಾರಿ ಸರಿ ಆಗ್ತಿತ್ತು ಅಂತ ನನ್ನ ಅಂದಾಜು. ಇಂಟರ್‌ಲಾಕ್ ಮೇಲೆ ಮಳೆಗಾಲ ಪೂರ್ತಿ ಪಾಚಿ ಕಟ್ಟತ್ತೆ, ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಅದರ ಮೇಲೆ ಹೆಜ್ಜೆ ಇಡೋಕೆ ಭಯ. ಹುಲ್ಲು ಬೆಳೆದ ಒಡ್ಡು ಅಷ್ಟು ಜಾರಲ್ಲ.

ಆ ಕೆಲಸದ ಹೊತ್ತಿಗೆ ದಂಡೆಯ ಕಾಂಡ್ಲಾ ಗಿಡಗಳನ್ನೂ ಒಂದಷ್ಟು ದೂರ ಕಡಿದ್ರು, ಹೊಳೆ ಚೆನ್ನಾಗಿ ಕಾಣ್ಲಿ ಅಂತ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ. ಒಡ್ಡಿನ ಬುಡದ ಮಣ್ಣು ಹಿಡಿದಿಟ್ಕೊಳ್ಳೋದೇ ಆ ಬೇರು. ಕಾಂಡ್ಲಾ ದಟ್ಟ ಇರೋ ಕಡೆ ಅಲೆ ಬಂದು ಬಡಿಯೋದು ಗಿಡಕ್ಕೆ, ಒಡ್ಡಿಗಲ್ಲ. ಅರಣ್ಯದವರು ವರ್ಷ ವರ್ಷ ಸಸಿ ನೆಟ್ಟು ಬೆಳೆಸ್ತಾರೆ, ಇನ್ನೊಬ್ಬರು ಬಂದು ಕಡೀತಾರೆ. ಬರೋ ಮಳೆಗಾಲದಲ್ಲಿ ಆ ಬೋಳು ಜಾಗದಲ್ಲಿ ಒಡ್ಡು ಕುಸಿದ್ರೆ ಮತ್ತೆ ಟಿಪ್ಪರಲ್ಲಿ ಕಲ್ಲು ಬರತ್ತೆ, ಮತ್ತೆ ದಾರಿ ಹೋಗತ್ತೆ.

ಮೂರನೇದು ಸಮುದ್ರದ ಬದಿ. ಹೊಳೆ ಬದಿ ಬೇಸರ ಆದ್ರೆ ನಾವು ಆಟೋ ಮಾಡ್ಕೊಂಡು ಕಡಲ ಕಡೆ ಹೋಗ್ತಿದ್ವಿ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿರುತ್ತೆ, ಕಾಲು ಹೂತುಹೋಗಲ್ಲ, ಮಂಡಿಗೆ ಏಟಿಲ್ಲ, ನಡೆಯೋ ಅಭ್ಯಾಸ ತಪ್ಪಿದವರಿಗೆ ಅದಕ್ಕಿಂತ ಒಳ್ಳೆದಿಲ್ಲ. ಅಲ್ಲಿಗೆ ಹೋಗೋಕೆ ತೆಂಗಿನ ತೋಟದ ನಡುವೆ ಹಳೇ ಕಾಲುದಾರಿ ಇತ್ತು, ದಡದಿಂದ ಕೈರಂಪಣಿ ಬಲೆ ಎಳೆಯೋರು, ಬಲೆ ಹೊತ್ತೋರು, ಎಲ್ಲಾ ಅದರಲ್ಲೇ. ನಾನೇ ಆ ದಾರೀಲಿ ಎಷ್ಟು ಸಲ ತಾರು (ಟೆಲಿಗ್ರಾಂ) ತಗೊಂಡು ಹೋಗಿದೀನಿ, ಲೆಕ್ಕ ಇಲ್ಲ. ಈಗ ಅಲ್ಲಿ ಒಂದು ರೆಸಾರ್ಟ್ ಆಗಿದೆ, ದಾರಿಗೆ ಅಡ್ಡ ಗೇಟು, ಗೇಟಿಗೆ ಕಾವಲು. ಊರಿನವರು ಅಂದ್ರೆ ಒಮ್ಮೊಮ್ಮೆ ಬಿಡ್ತಾರೆ, ಒಮ್ಮೊಮ್ಮೆ ಗೆಸ್ಟ್ ಇದಾರೆ ಅಂತ ಸುತ್ತು ಹಾಕಿ ಹೋಗೋಕೆ ಹೇಳ್ತಾರೆ. ಸುತ್ತು ಅಂದ್ರೆ ಒಂದೂವರೆ ಕಿಲೋಮೀಟರ್, ಅದೂ ಸಡಿಲ ಮರಳಲ್ಲಿ. ಗೇಟಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ನೌಕರಿ ಮಾಡ್ತಿದಾನೆ.

ಆದ್ರೆ ಕಾನೂನು ಏನು ಹೇಳುತ್ತೆ ಅಂತ ನಾನು ನನ್ನ ಮೊಮ್ಮಗಳ ಹತ್ರ ಓದಿಸ್ಕೊಂಡೆ. ಕರಾವಳಿ ನಿಯಂತ್ರಣ ವಲಯ ಅಂತ, ಸಿ.ಆರ್.ಝಡ್ ಅಂತೀರಲ್ಲ, ಅದರ 2011ರ ಅಧಿಸೂಚನೆಯಲ್ಲೂ ಇದೆ, 2019ರದ್ದರಲ್ಲೂ ಇದೆ. ಎರಡು ಬೀಚ್ ರೆಸಾರ್ಟ್ ನಡುವೆ ಜನ ತೀರಕ್ಕೆ ಹೋಗೋಕೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು, ಖಾಸಗಿ ಜಾಗದ ಸುತ್ತ ಬೇಲಿ ಹಾಕೋದಾದ್ರೂ ಅದರಿಂದ ಜನ ತೀರಕ್ಕೆ ಹೋಗೋದಕ್ಕೆ ಯಾವ ರೀತಿಲೂ ಅಡ್ಡಿ ಆಗ್ಬಾರ್ದು ಅಂತ. ನಮ್ಮ ಊರಲ್ಲಿ 20 ಮೀಟರ್ ಯಾರೂ ಕೇಳ್ತಿಲ್ಲ ಸ್ವಾಮಿ. ಬಲೆ ಹೊತ್ತ ಇಬ್ರು ಎದುರುಬದುರು ದಾಟೋಷ್ಟು ಬಿಟ್ರೆ ಸಾಕು. ಅವರಿಗೆ ಪರವಾನಗಿ ಕೊಡೋವಾಗ ಈ ಷರತ್ತು ಹಾಕಿದ್ರಾ, ಹಾಕಿದ್ರೆ ಆಮೇಲೆ ಯಾರಾದ್ರೂ ಬಂದು ನೋಡಿದ್ರಾ, ಅಷ್ಟು ಹೇಳಿ.

ನಾನು ಪ್ರವಾಸೋದ್ಯಮದ ವಿರೋಧಿ ಅಂತ ಯಾರೂ ತಿಳ್ಕೊಳ್ಬೇಡಿ. ಗೋಕರ್ಣಕ್ಕೆ ಬರೋ ಜನರಿಂದ ನಮ್ಮ ಎಷ್ಟೋ ಹುಡುಗರು ಊಟ ಮಾಡ್ತಿದಾರೆ. ಕುಡ್ಲೆ, ಓಂ ಬೀಚು, ಹಾಫ್ ಮೂನ್, ಪ್ಯಾರಡೈಸ್ ಅಂತ ಗುಡ್ಡ ಹತ್ತಿಳಿದು ಟ್ರೆಕ್ಕಿಂಗ್ ಮಾಡೋರಿಗೆ ಅದೆಲ್ಲ ಇರ್ಲಿ. ಆದ್ರೆ ಆ ಹುಡುಗರ ಜೊತೆ ಬರೋ ಅಪ್ಪ ಅಮ್ಮ ಏನು ಮಾಡ್ತಾರೆ ಗೊತ್ತಾ, ಕಾರಲ್ಲೇ ಕೂತಿರ್ತಾರೆ. ನಾನೇ ಮಾತಾಡಿಸಿದೀನಿ. ತುಮಕೂರಿನ ಒಬ್ಬ ಹಿರಿಯರು ಆ ಕಲ್ಲು ಸುರಿಯೋ ಮುಂಚೆ ಒಂದು ಸಂಜೆ ನಮ್ಮ ಜೊತೆ ಒಡ್ಡಿನ ಮೇಲೆ ಬಂದು, ನಾನು ಮೂರು ದಿನದಿಂದ ಇಲ್ಲಿದೀನಿ ಈ ಜಾಗ ಯಾರೂ ಹೇಳ್ಲೇ ಇಲ್ಲ ಅಂದ್ರು. ಸಮತಟ್ಟಾಗಿ, ನೀರಿನ ಪಕ್ಕ, ಸುಸ್ತಾಗದೆ ನಡೆಯೋ ದಾರಿ ಅಂದ್ರೆ ಮಕ್ಕಳಿಗೂ ಬೇಕು ವಯಸ್ಸಾದವರಿಗೂ ಬೇಕು, ಅದು ನಮ್ಮಲ್ಲಿ ಮಿರ್ಜಾನಿನಿಂದ ತದಡಿ ತನಕ, ಈ ಕಡೆ ಹೆಗಡೆ ಮಾಸೂರಿಂದ ಕಾಗಾಲ ತನಕ ತುಂಡು ತುಂಡಾಗಿ ಬಿದ್ದಿದೆ. ಹೊಸದಾಗಿ ಕಟ್ಟೋ ಅವಶ್ಯಕತೆನೇ ಇಲ್ಲ.

ಹೊನ್ನಾವರದ ಕಾಸರಕೋಡಲ್ಲಿ ಶರಾವತಿ ಬದಿಗೆ ಕಾಂಡ್ಲಾ ಕಾಡಿನ ನಡುವೆ ಹಲಗೆ ದಾರಿ ಮಾಡಿದಾರೆ, ಒಂದು ಸಲ ನಮ್ಮನೆಯವಳನ್ನ ಕರ್ಕೊಂಡು ಹೋಗಿದ್ದೆ, ಚೆನ್ನಾಗಿದೆ, ಮಾಡಿದವರಿಗೆ ಒಳ್ಳೇದಾಗ್ಲಿ. ಆದ್ರೆ ದಿನಾ ಬಸ್ಸು ಹಿಡಿದು ಹೊನ್ನಾವರಕ್ಕೆ ಹೋಗಿ ಅರ್ಧ ಗಂಟೆ ನಡೆದು ಬರೋಕಾಗತ್ತಾ. ಮನೆಯಿಂದ ಕಾಲಲ್ಲಿ ಹೋಗಿ ಕಾಲಲ್ಲಿ ಬರೋದಾದ್ರೆ ಮಾತ್ರ ಅದು ದಿನದ ನಡಿಗೆ.

2024ರ ಜನವರಿ ಕೊನೇಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಬಂತು ಅಂತ ಪೇಪರಲ್ಲಿ ಓದಿದಾಗ ನನಗೆ ನಮ್ಮನೆ ಮಗಳಿಗೆ ರ‍್ಯಾಂಕ್ ಬಂದಷ್ಟು ಖುಷಿ ಆಗಿತ್ತು. 4801 ಹೆಕ್ಟೇರ್, ನಮ್ಮ ರಾಜ್ಯದ್ದೇ ಅಂಕಸಮುದ್ರ, ಮಾಗಡಿ ಕೆರೆ ಎರಡರ ಜೊತೆಗೆ ನಮ್ಮ ಹೊಳೆ ಹೆಸರು. ರಾಮ್ಸಾರ್ ಒಪ್ಪಂದದಲ್ಲಿ ಜಾಗ ಕಾಪಾಡಿ ಅಂತ ಹೇಳುವಾಗ ಅದನ್ನ ವಿವೇಕದಿಂದ ಬಳಸಿ ಅಂತಾನೂ ಹೇಳಿದಾರೆ, ಬೇಲಿ ಹಾಕಿ ಜನರನ್ನ ಹೊರಗಿಡಿ ಅಂತ ಎಲ್ಲೂ ಇಲ್ಲ. ನಮ್ಮ ಶಾಲೆ ಮಕ್ಕಳಿಗೆ ರಾಮ್ಸಾರ್ ಅಂದ್ರೆ ಯಾವ ದೇಶದ ಊರು ಅಂತ ಗೊತ್ತಿದೆ, ಇರಾನ್ ಅಂತ ಉತ್ತರ ಹೇಳ್ತಾರೆ. ಕಾಂಡ್ಲಾದಲ್ಲಿ ಎಷ್ಟು ಜಾತಿ, ಯಾವ್ದರ ಬೇರು ಮೇಲಕ್ಕೆ ಮೊಳೆ ಥರ ಏಳುತ್ತೆ, ಯಾವ್ದರದ್ದು ಕೊಡೆ ಕಡ್ಡಿ ಥರ ಇಳಿಯುತ್ತೆ ಅಂತ ಕೇಳಿದ್ರೆ ಗೊತ್ತಿಲ್ಲ, ಯಾಕಂದ್ರೆ ಅವರನ್ನ ಅಲ್ಲಿಗೆ ಕರ್ಕೊಂಡು ಹೋಗೋಕೆ ಮಾಸ್ತರಿಗೆ ಧೈರ್ಯ ಇಲ್ಲ. ಮೂವತ್ತು ಮಕ್ಕಳನ್ನ ಆ ಕರಿಕಲ್ಲಿನ ಮೇಲೆ ಹೇಗೆ ದಾಟಿಸೋದು.

ಹಾಗಾದ್ರೆ ನಾವು ಕೇಳೋದೇನು ಅಂದ್ರೆ, ಮೊಟ್ಟಮೊದಲು ಆ ಒಡೆದ ಜಾಗ. ಕರಿಕಲ್ಲಿನ ಸಂದಿಗೆ ಸಣ್ಣ ಕಲ್ಲು ತುಂಬಿಸಿ, ಮೇಲೆ ಚಿರೇಕಲ್ಲು ಚೂರು ಮತ್ತೆ ಜೇಡಿ ಮಣ್ಣು ಹಾಕಿ ದಮ್ಮಸ್ಸು ಮಾಡಿ, ನಾಕು ಅಡಿ ಅಗಲ ಸಾಕು. ಉದ್ಯೋಗ ಖಾತ್ರಿಯಲ್ಲಿ ಮಾಡ್ಸೋಕೆ ಬರೋ ಹಾಗಿದ್ರೆ ಊರವರೇ ಮಾಡ್ತಾರೆ, ಮಣ್ಣು ಹೊರೋ ಕೆಲಸ ನಮಗೆ ಹೊಸದಲ್ಲ. ಮಳೆ ಹಿಡಿಯೋ ಮುಂಚೆ, ಮೇ ಮೊದಲ ವಾರದೊಳಗೆ ಆದ್ರೆ ಮಣ್ಣು ಕೂರತ್ತೆ, ತಡ ಆದ್ರೆ ಮೊದಲ ಮಳೆಗೇ ತೊಳ್ಕೊಂಡು ಹೋಗತ್ತೆ. ಅದಾದ ಮೇಲೆ ಇಂಟರ್‌ಲಾಕ್ ದಾರಿಯ ಎರಡೂ ತುದಿಗೆ ಇಳಿಜಾರು, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಒಂದು ಪೈಪು. ಉಳಿದ ಒಡ್ಡಿಗೆ ದಯವಿಟ್ಟು ಇಂಟರ್‌ಲಾಕ್ ಹಾಕ್ಬೇಡಿ, ಕಾಂಕ್ರೀಟ್ ಬೇಡ, ಎತ್ತರದ ಲೈಟು ಬೇಡ, ಹಾಗೇ ಬಿಡಿ. ಬೈಕು ಬರದ ಹಾಗೆ ಎರಡು ಕಡೆ ಕಲ್ಲುಕಂಬ ನೆಡಿ, ಆದ್ರೆ ಬುಟ್ಟಿ ಹೊತ್ತವರು, ವೀಲ್‌ಚೇರ್ ಹೋಗೋ ಹಾಗೆ ನಡುವೆ ಜಾಗ ಇಡಿ, ಈ ಅಳತೆ ಮಾತ್ರ ಕಾಗದದ ಮೇಲೆ ಬರೀದೆ ಜಾಗದಲ್ಲೇ ಹಿಡೀರಿ. ಕಡಿದ ಕಡೆ ಕಾಂಡ್ಲಾ ಮತ್ತೆ ನೆಡಿ. ನೂರು ಇನ್ನೂರು ಹೆಜ್ಜೆಗೊಂದು ಕೂರೋ ಕಲ್ಲು, ಬೆನ್ನು ಒರಗೋಕೆ ಇದ್ರೆ ಇನ್ನೂ ಒಳ್ಳೇದು, ಸ್ಟ್ರೋಕ್ ಆದವರಿಗೆ ಎಲ್ಲಿ ಕೂರೋದು ಅನ್ನೋ ಚಿಂತೆ ಮೊದಲು ಬರತ್ತೆ, ಕೂರೋ ಜಾಗ ಕಂಡ್ರೆ ಅಲ್ಲಿ ತನಕ ಹೋಗೋ ಧೈರ್ಯ ಬರತ್ತೆ.

ಇನ್ನೊಂದು ಸಣ್ಣ ಕೆಲಸ, ಖರ್ಚೇ ಇಲ್ಲದ್ದು. ಒಡ್ಡು ಶುರು ಆಗೋ ಕಡೆ ಮತ್ತೆ ತಾರಿ ಜಾಗದಲ್ಲಿ ಒಂದೊಂದು ಕರಿಹಲಗೆ ಇಟ್ಟು ದಿನದ ಭರತ ಇಳಿತದ ಹೊತ್ತು ಬರೆಯೋ ವ್ಯವಸ್ಥೆ ಮಾಡಿ. ನಮಗೆ ತಿಥಿ ನೋಡಿದ್ರೆ ಗೊತ್ತಾಗತ್ತೆ, ಅಮಾಸೆ ಹುಣ್ಣಿಮೆಗೆ ದೊಡ್ಡ ಭರತ, ಅಷ್ಟಮಿ ಹತ್ರ ಸಣ್ಣದು, ಇವತ್ತು ಆರಕ್ಕೆ ಇಳಿದಿದ್ರೆ ನಾಳೆ ಹೆಚ್ಚುಕಮ್ಮಿ ಆರು ಐವತ್ತಕ್ಕೆ. ಹೊರಗಿನವರಿಗೆ ಇದು ಗೊತ್ತಿರಲ್ಲ, ಇಳಿತದಲ್ಲಿ ಮರಳು ದಿಬ್ಬದ ಮೇಲೆ ಫೋಟೋ ತೆಗೀತಾ ನಿಂತು, ಹಿಂದಿನಿಂದ ನೀರು ಏರಿದ್ದೇ ತಿಳಿಯದೆ ಸಿಕ್ಕಿ ಬೀಳ್ತಾರೆ, ದೋಣಿಯವರು ಹೋಗಿ ಕರ್ಕೊಂಡು ಬಂದಿದ್ದು ನಾನೇ ಎರಡು ಸಲ ನೋಡಿದೀನಿ. ಹಲಗೆ ಬರೆಯೋಕೆ ಶಾಲೆ ಮಕ್ಕಳು ಇದಾರೆ, ನಾನೂ ಇದೀನಿ. ಕೊನೇ ದೋಣಿ ಎಷ್ಟು ಗಂಟೆಗೆ ಅಂತಾನೂ ಅದರಲ್ಲೇ ಬರೆದ್ರೆ ತದಡಿಗೆ ದಾಟಿ ವಾಪಸ್ ಬರೋರಿಗೆ ಅನುಕೂಲ. ದೋಣಿ ನಿಲ್ಲೋ ಧಕ್ಕೆಯ ಮೆಟ್ಲಿನ ಪಾಚಿ ವಾರಕ್ಕೊಮ್ಮೆ ಕೆರೆಸಿದ್ರೆ ಬೇರೆ ಏನೂ ಬೇಡ.

ಸಮುದ್ರದ ಗೇಟಿನ ವಿಷಯಕ್ಕೆ ಕಂದಾಯ ಇಲಾಖೆಯವರು ಹಳೇ ನಕ್ಷೆ ತೆಗೆದು, ಊರಿನ ಹಿರಿಯರನ್ನ ಕೂರಿಸ್ಕೊಂಡು, ಯಾವ ಯಾವ ಕಾಲುದಾರಿ ತೀರಕ್ಕೆ ಹೋಗ್ತಿತ್ತು ಅಂತ ಗುರುತು ಮಾಡಿ, ಕಲ್ಲು ನೆಟ್ಟು, ಪಂಚಾಯ್ತಿ ಬೋರ್ಡಲ್ಲಿ ಹಾಕ್ಬೇಕು. ನನಗೆ ಗೊತ್ತಿರೋ ದಾರಿಗಳನ್ನ ನಾನು ಬರ್ಕೊಡ್ತೀನಿ, ಯಾವ ಮನೆ ಹಿತ್ತಲು, ಯಾವ ಮಾವಿನಮರ, ಎಲ್ಲಾ ನೆನಪಿದೆ. ನನ್ನ ವಯಸ್ಸಿನವರು ಹೋದ ಮೇಲೆ ಹೇಳೋಕೆ ಯಾರೂ ಇರಲ್ಲ, ಆಮೇಲೆ ದಾಖಲೆಯಲ್ಲಿ ಇಲ್ಲ ಅಂತ ನೀವೇ ಹೇಳ್ತೀರಿ.

ಒಂದು ಮಾತು ಮರೀಬಾರ್ದು. ಒಡ್ಡು ಇರೋದು ಗದ್ದೆಗೋಸ್ಕರ. ಗಜನಿ ರೈತರನ್ನ ಕೇಳದೆ ಏನೂ ಮಾಡ್ಬೇಡಿ. ಬಾಗಿಲು ತೆಗೆಯೋದು ಹಾಕೋದು ಅವರ ಹಕ್ಕು, ಕೊಯ್ಲಿನ ಹೊತ್ತಿಗೆ ಒಡ್ಡಿನ ಮೇಲೆ ಭತ್ತದ ಹೊರೆ ಇಟ್ರೆ ನಡೆಯೋರು ಸುತ್ತು ಹಾಕಿ ಹೋಗ್ಬೇಕು, ಅದಕ್ಕೆ ನಮ್ಮದೇನೂ ತಕರಾರಿಲ್ಲ. ನಡೆಯೋರು ಬಂದ ಮೇಲೆ ಪ್ಲಾಸ್ಟಿಕ್ ಬಾಟ್ಲಿ ಗದ್ದೆಗೆ ಬೀಳೋಕೆ ಶುರು ಆಗಿದ್ದೂ ನಿಜ, ರೈತರು ಬೈದಿದ್ದು ಸರಿ. ನಾವು ಬೆಳಗಿನ ವಾಕಿಂಗಿನವರು ಒಂದು ಗೋಣಿಚೀಲ ಹಿಡಿದು ಹೆಕ್ತಿದ್ವಿ, ದಾರಿ ಮತ್ತೆ ಆದ್ರೆ ಮತ್ತೆ ಹೆಕ್ತೀವಿ, ಚೀಲ ಒಯ್ಯೋಕೆ ಪಂಚಾಯ್ತಿ ಗಾಡಿ ವಾರಕ್ಕೊಂದು ಸಲ ಬಂದ್ರೆ ಆಯ್ತು.

ಇದರಲ್ಲಿ ಯಾವ್ದು ಯಾವ ಇಲಾಖೆಗೆ ಸೇರಿದ್ದು ಅಂತ ನನಗೆ ಸರಿಯಾಗಿ ಬಿಡಿಸೋಕೆ ಬರಲ್ಲ. ಒಡ್ಡು ಒಬ್ಬರದ್ದು, ಕಾಂಡ್ಲಾ ಒಬ್ಬರದ್ದು, ತೀರ ಇನ್ನೊಬ್ಬರದ್ದು, ದಾರಿ ಪಂಚಾಯ್ತಿದು. ಈ ಮಾತು ನನಗೆ ನಾಕು ಆಫೀಸಲ್ಲಿ ಹೇಳಿದಾರೆ, ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿಸಿದ್ರು, ಕುರ್ಚಿ ಕೊಟ್ರು, ಅರ್ಜಿ ತಗೊಂಡು ಸೀಲು ಹಾಕಿ ಕೊಟ್ರು. ಸೀಲು ಹಾಕಿದ ಪ್ರತಿ ನಾಕೂ ನನ್ನ ಹತ್ರ ಇದೆ. ಅದಕ್ಕೇ ಈ ಸಲ ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆದೆ, ನೀವು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಒಂದೇ ದಿನ ಬರಬಹುದು ಅಂತ.

ಬರೋದಾದ್ರೆ ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಬನ್ನಿ, ಬೆಳಿಗ್ಗೆ ಆರೂವರೆ ಏಳರ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತೆ, ಬಿಸಿಲೂ ಇರಲ್ಲ. ಬೂಟು ಬೇಡ, ಚಪ್ಪಲಿ ಸಾಕು. ಆ ಕರಿಕಲ್ಲು ಸುರಿದ ಜಾಗದ ಈಚೆ ನಾನು ನಿಂತಿರ್ತೀನಿ. ನಮ್ಮನೆಯವಳಿಗೂ ಹೇಳಿದೀನಿ, ಸಾಹೇಬ್ರು ಬರ್ತಾರೆ ಅಂದ್ರೆ ಅಲ್ಲಿ ತನಕ ನಾನೂ ಬರ್ತೀನಿ ಅಂದಿದಾಳೆ. ಚಾ ನಮ್ಮನೇಲಿ.

ಇಂತಿ ತಮ್ಮ ವಿಶ್ವಾಸಿ,
ಗಜನಿ ಒಡ್ಡಿನ ಹಳೇ ಪೋಸ್ಟ್‌ಮನ್
ಕುಮಟಾ ತಾಲೂಕು, ಉತ್ತರ ಕನ್ನಡ